‘ಕಾಲಿನ ಡಾಕ್ಟರ್’ ಓದಿಗೆ ತೋಟ ಅಡವಿಡಬೇಕೇ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕು. ಮಗಳು ದ್ವಿತೀಯ ಪಿಯುಸಿ ಪಾಸಾಗಿದ್ದಾಳೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಶೇ. 82. ನೀಟ್‌ನಲ್ಲಿ ಎಂಬಿಬಿಎಸ್ ಸಿಗುವಷ್ಟು ಅಂಕ ಬರಲಿಲ್ಲ. ದಾವಣಗೆರೆಯ ಏಜೆಂಟ್ ಒಬ್ಬರು ಇಂಗ್ಲೆಂಡಿನಲ್ಲಿ ಪೊಡಿಯಾಟ್ರಿ ಓದಿಸಿ ಅನ್ನುತ್ತಿದ್ದಾರೆ. ಮೂರೇ ವರ್ಷ, ಮುಗಿಸಿದರೆ ‘ಕಾಲಿನ ಡಾಕ್ಟರ್’, ಅಲ್ಲೇ ಕೆಲಸ, ಬೇಡವೆಂದರೆ ದಾವಣಗೆರೆಗೆ ಬಂದು ಕ್ಲಿನಿಕ್ ಹಾಕಬಹುದು ಎಂಬುದು ಅವರ ಮಾತು. ಎರಡು ಎಕರೆ ಅಡಿಕೆ ತೋಟದ ಮೇಲೆ ಸಾಲ ತೆಗೆಯಬೇಕಾಗುತ್ತದೆ. ನಮ್ಮ ತಾಯಿಗೆ ಶುಗರ್‌ನಿಂದ ಕಾಲ್ಬೆರಳು ತೆಗೆಸಿದ್ದೇವೆ, ಹಾಗಾಗಿ ಮಗಳಿಗೂ ಆಸಕ್ತಿ ಇದೆ. ಏನು ಓದಿಸುತ್ತಾರೆ, ಓದಿದ ಮೇಲೆ ಕೆಲಸ ಹೇಗೆ, ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಏಜೆಂಟರು ಹೇಳಿದ್ದರಲ್ಲಿ ಮೂರು ವರ್ಷ ಎಂಬುದು ನಿಜ. ಅಲ್ಲೇ ಕೆಲಸ ಎಂಬುದು ಅರ್ಧ ನಿಜ. ‘ಡಾಕ್ಟರ್’ ಎಂಬುದು ಸುಳ್ಳು, ‘ದಾವಣಗೆರೆಯಲ್ಲಿ ಕ್ಲಿನಿಕ್’ ಎಂಬುದು ತೋಟದ ಪತ್ರ ಹೊರಗೆ ತೆಗೆಯುವ ಮೊದಲು ಬಿಡಿಸಿ ನೋಡಬೇಕಾದ ಮಾತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಚಿಕಿತ್ಸೆ ಬೇಕಾದ ಕಾಲುಗಳಿಗೆ ಬರವಿಲ್ಲ. ಪೊಡಿಯಾಟ್ರಿಸ್ಟ್ ಎಂಬ ಹೆಸರಿನ ಹುದ್ದೆಗೆ ಬರ. ಈ ಎರಡರ ನಡುವಿನ ಅಂತರವೇ ನಿಮ್ಮ ಪ್ರಶ್ನೆಗೆ ಉತ್ತರ.

ಮೊದಲು ಕೆಲಸ ಏನೆಂದು ನೋಡೋಣ. ಪೊಡಿಯಾಟ್ರಿ ಎಂದರೆ ಪಾದ ಮತ್ತು ಹಿಮ್ಮಡಿ ಕೀಲಿನ ಆರೈಕೆ. ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಆಣಿ, ದಪ್ಪಗಟ್ಟಿದ ಚರ್ಮ, ಮಾಂಸದೊಳಗೆ ಇಳಿದ ಉಗುರು, ಹಿಮ್ಮಡಿ ನೋವು, ಚಪ್ಪಟೆ ಪಾದ, ಓಟಗಾರರ ಗಾಯ, ಮಕ್ಕಳ ನಡಿಗೆಯ ದೋಷ, ಇವೆಲ್ಲ ಇದರೊಳಗೇ ಬರುತ್ತವೆ. ಇವತ್ತು ಈ ವೃತ್ತಿಯ ಬಹುಭಾಗವನ್ನು ಹಿಡಿದಿಟ್ಟಿರುವುದು ಮಾತ್ರ ಸಕ್ಕರೆ ಕಾಯಿಲೆಯ ಪಾದ. ಐಸಿಎಂಆರ್ ನಡೆಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ.

ನಿಮ್ಮ ತಾಯಿಯವರ ಬೆರಳು ಏಕೆ ಹೋಯಿತು ಎಂದು ಅರ್ಥವಾದರೆ ಓದಿನ ಅರ್ಧ ಅರ್ಥವಾದ ಹಾಗೆ. ಸಕ್ಕರೆ ಹೆಚ್ಚಿದ್ದು ವರ್ಷಗಳು ಕಳೆದಂತೆ ನರ ಸಾಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ನೋವು ಇಲ್ಲದ್ದರಿಂದ ನಡಿಗೆಯ ಒತ್ತಡ ಒಂದೇ ಜಾಗದ ಮೇಲೆ ಬೀಳುತ್ತಲೇ ಇರುತ್ತದೆ. ನಮಗಾದರೆ ನೋಯುತ್ತದೆ, ಅರಿವಿಲ್ಲದೆ ಕಾಲು ಬದಲಿಸುತ್ತೇವೆ. ಆ ಜಾಗದಲ್ಲಿ ಚರ್ಮ ದಪ್ಪಗಟ್ಟುತ್ತದೆ, ದಪ್ಪ ಚರ್ಮ ಚಪ್ಪಲಿಯೊಳಗಿನ ಕಲ್ಲಿನಂತೆ ಇನ್ನಷ್ಟು ಒತ್ತುತ್ತದೆ, ಅದರಡಿ ರಕ್ತ ಕಟ್ಟಿ ಹುಣ್ಣಾಗುತ್ತದೆ. ಮೇಲೆ ನೋಡಿದರೆ ಒಣ ಚರ್ಮ, ಕೆಳಗೆ ಕೀವು. ರಕ್ತನಾಳವೂ ಕಿರಿದಾಗಿದ್ದರೆ ವಾಸಿಯಾಗಲು ಬೇಕಾದ ರಕ್ತವೇ ಬರುವುದಿಲ್ಲ. ಸೋಂಕು ಮೂಳೆಗೆ ಇಳಿದ ಮೇಲೆ ಶಸ್ತ್ರಚಿಕಿತ್ಸಕರ ಮುಂದೆ ಉಳಿಯುವ ದಾರಿ ಬಹಳ ಸಲ ಕತ್ತರಿಸುವುದೊಂದೇ. ಪೊಡಿಯಾಟ್ರಿಸ್ಟ್ ಈ ಸರಪಳಿಯನ್ನು ಮಧ್ಯದಲ್ಲಿ ತುಂಡು ಮಾಡುವವರು: ದಪ್ಪ ಚರ್ಮವನ್ನು ಬ್ಲೇಡಿನಿಂದ ಹೆರೆದು ತೆಗೆದರೇ ಆ ಜಾಗದ ಒತ್ತಡ ಕಾಲು ಭಾಗದಷ್ಟು ಇಳಿಯುತ್ತದೆ. ಒಮ್ಮೆ ವಾಸಿಯಾದ ಹುಣ್ಣು ಒಂದು ವರ್ಷದೊಳಗೆ ಮರುಕಳಿಸುವುದು ನೂರರಲ್ಲಿ ಸುಮಾರು 40 ಜನರಿಗೆ. ಆದ್ದರಿಂದ ಇದು ಒಂದು ಸಲ ನೋಡಿ ಕಳಿಸುವ ಕೆಲಸವಲ್ಲ. ಒಬ್ಬ ರೋಗಿಯನ್ನು ವರ್ಷಗಟ್ಟಲೆ ಕಾಯುವ ಕೆಲಸ.

ಅಂದಹಾಗೆ, ಜೋಮು ಹಿಡಿದ ಕಾಲಿನ ಈ ತಿಳಿವಳಿಕೆ ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರಚಿಕಿತ್ಸಕರು ಕುಷ್ಠರೋಗಿಗಳ ಕೈಕಾಲು ಬೆರಳುಗಳು ರೋಗದಿಂದ ಉದುರುವುದಿಲ್ಲ, ನೋವಿಲ್ಲದೆ ಪದೇಪದೇ ಆಗುವ ಪೆಟ್ಟಿನಿಂದ ಹಾಳಾಗುತ್ತವೆ ಎಂದು ತೋರಿಸಿದರು. ಮಧುಮೇಹದ ಪಾದಕ್ಕೆ, ಹುಣ್ಣಿನ ಮೇಲೆ ಭಾರ ಬೀಳದಂತೆ, ಇವತ್ತು ಜಗತ್ತೆಲ್ಲ ಹಾಕುವ ಕಾಲಿಗೆ ಅಂಟಿದಂತಿರುವ ಪ್ಲಾಸ್ಟರ್ ಆಗಲಿ, ನಮ್ಮಲ್ಲಿ ‘ಎಂಸಿಆರ್ ಚಪ್ಪಲಿ’ ಎಂದು ಹೆಸರಾದ ಮೆತ್ತನೆ ರಬ್ಬರಿನ ಪಾದರಕ್ಷೆಯಾಗಲಿ ದಕ್ಷಿಣ ಭಾರತದ ಕುಷ್ಠರೋಗ ಆಸ್ಪತ್ರೆಗಳಲ್ಲಿ ಪಳಗಿದ್ದು. ವಿದ್ಯೆ ಇಲ್ಲಿಂದ ಹೋಗಿದ್ದು, ಡಿಗ್ರಿ ಮಾತ್ರ ಅಲ್ಲಿದೆ ಎಂದರೆ ತಪ್ಪಾಗಲಾರದು.

ಇನ್ನು ಓದು. ಬ್ರಿಟನ್ನಿನಲ್ಲಿ ಬಿಎಸ್‌ಸಿ ಆನರ್ಸ್ ಪೊಡಿಯಾಟ್ರಿ ಮೂರು ವರ್ಷ, ಸ್ಕಾಟ್ಲೆಂಡಿನಲ್ಲಿ ನಾಲ್ಕು. ಹಡರ್ಸ್‌ಫೀಲ್ಡ್, ಸಾಲ್ಫರ್ಡ್, ಪ್ಲಿಮತ್, ಬ್ರೈಟನ್, ನಾರ್ತಾಂಪ್ಟನ್, ಗ್ಲಾಸ್ಗೋ ಕ್ಯಾಲೆಡೋನಿಯನ್ ಮುಂತಾದವು ಇದಕ್ಕೆ ಹೆಸರಾದ ವಿಶ್ವವಿದ್ಯಾಲಯಗಳು. ಮೊದಲ ವರ್ಷ ದೇಹರಚನೆ, ಶರೀರಕ್ರಿಯೆ, ಸೊಂಟದಿಂದ ಕೆಳಗಿನ ಸ್ನಾಯು ನರಗಳ ವಿವರ, ಬ್ಲೇಡು ಹಿಡಿಯುವ ಅಭ್ಯಾಸ. ಎರಡನೇ ವರ್ಷ ಔಷಧಶಾಸ್ತ್ರ, ನಡಿಗೆಯ ಯಂತ್ರಶಾಸ್ತ್ರ, ಮರಗಟ್ಟಿಸುವ ಇಂಜೆಕ್ಷನ್. ಮೂರನೇ ವರ್ಷ ಉಗುರಿನ ಶಸ್ತ್ರಕ್ರಿಯೆ, ಅಪಾಯದ ಅಂಚಿನಲ್ಲಿರುವ ಪಾದಗಳು, ಒಂದು ಸಂಶೋಧನಾ ಪ್ರಬಂಧ. ಇವುಗಳ ಜೊತೆಗೆ ಆಸ್ಪತ್ರೆ ಮತ್ತು ಕ್ಲಿನಿಕ್‌ಗಳಲ್ಲಿ ಒಟ್ಟು ಸುಮಾರು 1,000 ಗಂಟೆ ರೋಗಿಗಳನ್ನು ನೋಡಬೇಕು. ಬಹಳ ಜನ ಎಡವುವುದು ಇಲ್ಲಿಯೇ. ಪರೀಕ್ಷೆಯಲ್ಲಿ 80 ತೆಗೆಯುವ ವಿದ್ಯಾರ್ಥಿಗೂ ಮುದುಕರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ರಕ್ತ ಬಾರದಂತೆ, ಪದರ ಪದರವಾಗಿ ಆಣಿ ಹೆರೆಯಲು ಕೈ ನಡುಗಬಹುದು. ಬ್ಲೇಡು ಚರ್ಮಕ್ಕೆ ಬಹುತೇಕ ಸಮಾನಾಂತರವಾಗಿ ಹೋಗಬೇಕು, ಇನ್ನೊಂದು ಕೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಚರ್ಮ ಸಡಿಲ ಬಿಟ್ಟರೆ ಬ್ಲೇಡು ಒಳಗೆ ಕಚ್ಚುತ್ತದೆ. ಇದು ಪುಸ್ತಕ ಓದಿ ಬರುವುದಲ್ಲ, ಕೈಗೆ ಇಳಿಯಬೇಕು.

ಉಗುರಿನ ಶಸ್ತ್ರಕ್ರಿಯೆ ಏನೆಂದರೆ, ಬೆರಳ ಬುಡದಲ್ಲಿ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ಮಾಂಸಕ್ಕೆ ಚುಚ್ಚಿಕೊಂಡ ಉಗುರಿನ ಅಂಚನ್ನಷ್ಟೇ ಬುಡದವರೆಗೆ ಸೀಳಿ ತೆಗೆದು, ಅಲ್ಲಿ ಮತ್ತೆ ಬೆಳೆಯದಂತೆ ಗಾಢ ಫೀನಾಲ್ ಹಚ್ಚಿ ಉಗುರಿನ ಬೇರು ಸುಡುವುದು. ಬ್ರಿಟನ್ನಿನಲ್ಲಿ ಇದನ್ನು ಹೊಸ ಪದವೀಧರರೇ ಮಾಡುತ್ತಾರೆ. ಭಾರತದಲ್ಲಿ ವೈದ್ಯರಾಗಿ ನೋಂದಣಿ ಇಲ್ಲದವರು ಇದನ್ನು ಮಾಡುವಂತಿಲ್ಲ. ಈ ಒಂದು ಉದಾಹರಣೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪದವಿ ಮುಗಿದರೆ ಸಾಲದು. ‘ಪೊಡಿಯಾಟ್ರಿಸ್ಟ್’, ‘ಕಿರೋಪೊಡಿಸ್ಟ್’ ಎಂಬ ಎರಡು ಹೆಸರುಗಳಿಗೆ ಬ್ರಿಟನ್ನಿನಲ್ಲಿ ಕಾನೂನಿನ ರಕ್ಷಣೆ ಇದೆ. ಎಚ್‌ಸಿಪಿಸಿ ಎಂಬ ಮಂಡಳಿಯಲ್ಲಿ ಹೆಸರು ನೋಂದಾಯಿಸದವರು ಅವನ್ನು ಬಳಸುವಂತಿಲ್ಲ. ಆ ನೋಂದಣಿ ಸಿಗುವುದು ಮಂಡಳಿ ಒಪ್ಪಿದ ಕೋರ್ಸಿಗೆ ಮಾತ್ರ. ಏಜೆಂಟರ ಕೈಚಳಕ ನಡೆಯುವುದು ಇಲ್ಲಿ. ‘ಫುಟ್ ಹೆಲ್ತ್ ಪ್ರಾಕ್ಟಿಶನರ್’ ಎಂಬ ಡಿಪ್ಲೊಮಾ ಇದೆ, ಕಡಿಮೆ ಕಾಲದ್ದು, ಕಡಿಮೆ ದುಡ್ಡಿನದು. ಆ ಹೆಸರಿಗೆ ಕಾನೂನಿನ ರಕ್ಷಣೆಯೇ ಇಲ್ಲ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ‘ಹೆಲ್ತ್ ಸೈನ್ಸ್ ವಿತ್ ಫೌಂಡೇಶನ್’ ಎಂದು ಸೇರಿಸಿ, ಆಮೇಲೆ ಪೊಡಿಯಾಟ್ರಿಗೆ ಬದಲಾಯಿಸಿಕೊಳ್ಳಬಹುದು ಎನ್ನುವುದೂ ಉಂಟು. ಆಫರ್ ಲೆಟರ್‌ನಲ್ಲಿರುವ ಕೋರ್ಸಿನ ಪೂರ್ತಿ ಹೆಸರನ್ನು ಎಚ್‌ಸಿಪಿಸಿ ವೆಬ್‌ಸೈಟಿನ ಅನುಮೋದಿತ ಕೋರ್ಸುಗಳ ಪಟ್ಟಿಯಲ್ಲಿ ನೀವೇ ಹುಡುಕಿ. ಹತ್ತು ನಿಮಿಷದ ಕೆಲಸ. ಹೆಸರು ಸಿಗದಿದ್ದರೆ ಅಲ್ಲಿಗೇ ಮಾತು ಮುಗಿಸಿ.

ಕೆಲಸದ ವಿಚಾರಕ್ಕೆ ಬರೋಣ. ಅಲ್ಲಿ ಈ ವೃತ್ತಿಯವರ ಕೊರತೆ ನಿಜವಾಗಿಯೂ ಇದೆ. ಸೇರುವ ವಿದ್ಯಾರ್ಥಿಗಳು ಕಡಿಮೆಯಾದ್ದರಿಂದ ಸರ್ಕಾರ ತನ್ನ ದೇಶದ ಮಕ್ಕಳಿಗೆ ವಿಶೇಷ ಸಹಾಯಧನ ಕೊಟ್ಟು ಓದಿಸುತ್ತಿದೆ. ಆ ಸಹಾಯಧನ ವಿದೇಶಿ ವಿದ್ಯಾರ್ಥಿಗೆ ಸಿಗುವುದಿಲ್ಲ, ಏಜೆಂಟರ ಬ್ರೋಷರಿನಲ್ಲಿ ಅದರ ಚಿತ್ರ ಇದ್ದರೂ ನಂಬಬೇಡಿ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹೊಸಬರು ಸೇರುವುದು ‘ಬ್ಯಾಂಡ್ 5’ರಲ್ಲಿ. ಇಂಗ್ಲೆಂಡಿನಲ್ಲಿ 2025-26ರ ಆರಂಭಿಕ ಸಂಬಳ ವರ್ಷಕ್ಕೆ 31,049 ಪೌಂಡ್. ಮಧುಮೇಹ ಪಾದದಲ್ಲೋ ಮೂಳೆ ಕೀಲಿನ ವಿಭಾಗದಲ್ಲೋ ಅನುಭವ ಪಡೆದವರು ಬ್ಯಾಂಡ್ 6ಕ್ಕೆ ಹೋಗುತ್ತಾರೆ, ಅದು 38,682ರಿಂದ ಶುರು. ಮುಂದೆ ಹೆಚ್ಚಿನ ತರಬೇತಿ ಪಡೆದು ಔಷಧಿ ಬರೆಯುವ ಅಧಿಕಾರ ಗಳಿಸಬಹುದು (ಈ ಅವಕಾಶ 2013ರಿಂದ ಇದೆ), ಇನ್ನೂ ಕೆಲವು ವರ್ಷ ಓದಿದರೆ ಪಾದದ ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದು. ಸ್ವಂತ ಕ್ಲಿನಿಕ್ ಇಟ್ಟವರೂ ಬಹಳ.

ಈಗ ನಿಮ್ಮ ತೋಟದ ಲೆಕ್ಕ. ವಿದೇಶಿ ವಿದ್ಯಾರ್ಥಿಗೆ ಶುಲ್ಕ ಹೆಚ್ಚುಕಡಿಮೆ ವರ್ಷಕ್ಕೆ 15ರಿಂದ 20 ಸಾವಿರ ಪೌಂಡ್, ಲಂಡನ್ನಿನ ಹೊರಗೆ ಊಟ ವಸತಿಗೆ ಸುಮಾರು 12 ಸಾವಿರ. ಪೌಂಡಿಗೆ 115 ರೂಪಾಯಿ ಹಿಡಿದರೆ ಮೂರು ವರ್ಷಕ್ಕೆ 93 ಲಕ್ಷದಿಂದ 1 ಕೋಟಿ 10 ಲಕ್ಷ. ವೀಸಾ ಖರ್ಚು, ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕ, ವಿಮಾನದ ಖರ್ಚು ಇದರ ಮೇಲೆ. ಇದರಲ್ಲಿ 60 ಲಕ್ಷವನ್ನಷ್ಟೇ ಸಾಲ ಮಾಡಿದಿರಿ ಎನ್ನಿ, ಬಡ್ಡಿ ಶೇ. 11, ತೀರಿಸಲು 10 ವರ್ಷ: ತಿಂಗಳ ಕಂತು ಸುಮಾರು 83 ಸಾವಿರ ರೂಪಾಯಿ. ಓದುವ ಮೂರು ವರ್ಷದ ಬಡ್ಡಿ ಇದರಲ್ಲಿ ಸೇರಿಲ್ಲ. ಆಕಡೆ 31,049 ಪೌಂಡಿನ ಸಂಬಳದಲ್ಲಿ ತೆರಿಗೆ, ವಿಮೆ, ಪಿಂಚಣಿ ಕಡಿತ ಹೋಗಿ ಕೈಗೆ ಬರುವುದು ತಿಂಗಳಿಗೆ ಸುಮಾರು 2,000 ಪೌಂಡ್. ಬಾಡಿಗೆ, ಊಟ, ಬಸ್ಸು ಕಳೆದು ಬಿಗಿಯಾಗಿ ಬದುಕಿದರೆ 700 ಉಳಿಸಬಹುದು. ಅಂದರೆ 80 ಸಾವಿರ ರೂಪಾಯಿ. ಕಂತಿಗೇ ಸಾಲದು. ಬ್ಯಾಂಡ್ 6 ಸಿಕ್ಕ ಮೇಲೆ ಉಸಿರಾಡಲು ಜಾಗ ಆಗುತ್ತದೆ. ಹಾಗಾಗಿ ಈ ಲೆಕ್ಕ ಕೂಡಿಬರುವುದು ಮಗಳು ಅಲ್ಲಿ ಕನಿಷ್ಠ ಎಂಟು ಹತ್ತು ವರ್ಷ ದುಡಿದರೆ ಮಾತ್ರ. ಎರಡು ವರ್ಷಕ್ಕೇ ಬೇಸರವಾಗಿ ವಾಪಸು ಬಂದರೆ ರೂಪಾಯಿಯಲ್ಲಿ ದುಡಿದು ಈ ಸಾಲ ತೀರುವುದಿಲ್ಲ.

ವೀಸಾ ವಿಷಯದಲ್ಲೂ ಒಂದು ಬದಲಾವಣೆ ಆಗಿದೆ. ಓದಿದ ಮೇಲೆ ಕೆಲಸ ಹುಡುಕಲು ಪದವೀಧರರಿಗೆ ಕೊಡುತ್ತಿದ್ದ ಎರಡು ವರ್ಷದ ಅವಧಿ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ನಿಮ್ಮ ಮಗಳಿಗೆ ಅನ್ವಯಿಸುವುದು ಇದೇ. ಅಷ್ಟರೊಳಗೆ ವೀಸಾ ಪ್ರಾಯೋಜಿಸುವ ಆಸ್ಪತ್ರೆ ಸಿಗಬೇಕು.

ಇನ್ನೊಂದು ಮಾತು, ತೋಟ ಅಡವಿಡುವುದು ನೀವು ಅಂದುಕೊಂಡಷ್ಟು ಸುಲಭವಿಲ್ಲ. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನು ಹೊರಗಿಟ್ಟಿದೆ. ಅದಕ್ಕೇ ಶಿಕ್ಷಣ ಸಾಲಕ್ಕೆ ಅವು ಪಹಣಿ ಜಮೀನಿಗಿಂತ ಅಲಿನೇಶನ್ ಆದ ಸೈಟು, ಮನೆ ಕೇಳುತ್ತವೆ. ಬ್ಯಾಂಕು ಬೇಡವೆಂದ ತೋಟವನ್ನು ಖಾಸಗಿ ಲೇವಾದೇವಿಯವರು ಹಿಡಿಯುತ್ತಾರೆ, ಬಡ್ಡಿ ಬೇರೆ ಥರ ಇರುತ್ತದೆ. ಮೇಲಿನ ಲೆಕ್ಕವೇ ಕೂಡದಿರುವಾಗ ಆ ಬಡ್ಡಿಯಲ್ಲಿ ಕೈ ಹಾಕಬೇಡಿ.

ಆಸ್ಟ್ರೇಲಿಯಾದಲ್ಲಿ ಕೋರ್ಸು ಸಾಮಾನ್ಯವಾಗಿ ನಾಲ್ಕು ವರ್ಷ, ಖರ್ಚು ಇನ್ನೂ ಜಾಸ್ತಿ, ಕೆಲಸ ಹೆಚ್ಚಾಗಿ ಖಾಸಗಿ ಕ್ಲಿನಿಕ್‌ಗಳಲ್ಲಿ. ಅಮೆರಿಕದ್ದು ಬೇರೆಯೇ ದಾರಿ: ಮೊದಲು ಒಂದು ಪದವಿ, ಆಮೇಲೆ ನಾಲ್ಕು ವರ್ಷದ ಡಿಪಿಎಂ ಎಂಬ ಪೊಡಿಯಾಟ್ರಿ ಡಾಕ್ಟರ್ ಪದವಿ, ಆಮೇಲೆ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಅಲ್ಲಿ ಅವರನ್ನು ಡಾಕ್ಟರ್ ಎನ್ನುತ್ತಾರೆ, ಆಪರೇಶನ್ನೂ ಮಾಡುತ್ತಾರೆ. ಆದರೆ ಅದೂ ನಮ್ಮ ಎಂಬಿಬಿಎಸ್‌ಗೆ ಸಮವಲ್ಲ. ನಿಮ್ಮ ಪರಿಸ್ಥಿತಿಗೆ ಇವೆರಡನ್ನೂ ಬಿಡಬಹುದು.

ವಾಪಸು ಬಂದರೆ ಏನಾಗುತ್ತದೆ? ಬ್ರಿಟನ್ನಿನ ಪೊಡಿಯಾಟ್ರಿ ಪದವಿ ಹಿಡಿದು ಬಂದವರು ಇಲ್ಲಿ ವೈದ್ಯರಲ್ಲ. ಇಂಜೆಕ್ಷನ್ ಕೊಟ್ಟು ಉಗುರು ತೆಗೆಯುವಂತಿಲ್ಲ, ಆಂಟಿಬಯಾಟಿಕ್ ಬರೆಯುವಂತಿಲ್ಲ. ಮೂರು ವರ್ಷ ಕಷ್ಟಪಟ್ಟು ಕಲಿತದ್ದರಲ್ಲಿ ಅತಿ ಬೆಲೆಯುಳ್ಳ ಕೈಕೆಲಸವೇ ಇಲ್ಲಿ ಕಟ್ಟಿಟ್ಟ ಹಾಗೆ. ಜಿಲ್ಲಾ ಆಸ್ಪತ್ರೆಯಲ್ಲಿ ಅರ್ಜಿ ಹಾಕೋಣವೆಂದರೆ ಆ ಹೆಸರಿನ ಹುದ್ದೆಯೇ ಇಲ್ಲ. ಕ್ಲಿನಿಕ್ ತೆರೆಯಲು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಜನ ಕೆಪಿಎಂಇ ಎನ್ನುವುದು ಇದಕ್ಕೇ, 2007ರದು) ನೋಂದಣಿ ಬೇಕು, ಆ ನೋಂದಣಿಗೆ ಇಲ್ಲಿ ಮಾನ್ಯವಾದ ಒಂದು ವೃತ್ತಿ ಪದವಿ ಬೇಕು. ಪೊಡಿಯಾಟ್ರಿ ಒಂದನ್ನೇ ಇಟ್ಟುಕೊಂಡು ಬಂದವರು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಮಧುಮೇಹ ವಿಭಾಗದಲ್ಲಿ ವೈದ್ಯರ ಕೈಕೆಳಗೆ ಸೇರಬಹುದು. ದಾವಣಗೆರೆಯಲ್ಲಿ ಸ್ವತಂತ್ರ ಬೋರ್ಡು ಹಾಕುವುದು ಕಷ್ಟ.

ಆದ್ದರಿಂದ ಈ ಕ್ರಮವನ್ನು ತಿರುಗಿಸಿ ಎನ್ನುವುದು ನಮ್ಮ ಸಲಹೆ. ಮೊದಲು ಇಲ್ಲಿ ನಿಲ್ಲಲು ನೆಲ ಕೊಡುವ ಪದವಿ, ಅದರ ಮೇಲೆ ಪಾದದ ವಿದ್ಯೆ.

ಒಂದು ದಾರಿ ಬಿಪಿಟಿ, ಅಂದರೆ ಫಿಸಿಯೊಥೆರಪಿ. ನಾಲ್ಕೂವರೆ ವರ್ಷವಿದ್ದದ್ದು 2025ರ ಹೊಸ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷವಾಗಿದೆ. 2021ರ ಕೇಂದ್ರ ಕಾಯ್ದೆ ಫಿಸಿಯೊಥೆರಪಿಯನ್ನೂ ಸಂಬಂಧಿತ ಇತರ ಆರೋಗ್ಯ ವೃತ್ತಿಗಳನ್ನೂ ಒಂದು ಆಯೋಗದಡಿ ತಂದಿರುವುದರಿಂದ ನೋಂದಣಿಗೆ ಗಟ್ಟಿ ಆಧಾರವಿದೆ. ಸೀಟು ಹಂಚಿಕೆಯ ಪ್ರಕಟಣೆ ಕೆಇಎ ವೆಬ್‌ಸೈಟಿನಲ್ಲಿ ಬರುತ್ತದೆ. ಆಯಾ ವರ್ಷದ ಅರ್ಹತಾ ನಿಯಮ ಓದಿಕೊಂಡೇ ಅರ್ಜಿ ಹಾಕಿ. ನೀಟ್ ಅಂಕಪಟ್ಟಿ ಸಾಧಾರಣವಿದ್ದರೂ ಎಸೆಯಬೇಡಿ.

ಎರಡನೆಯದು ಹೆಚ್ಚು ಜನಕ್ಕೆ ಗೊತ್ತಿಲ್ಲ: ಬಿಪಿಒ, ಪ್ರಾಸ್ಥೆಟಿಕ್ಸ್ ಮತ್ತು ಆರ್ಥೊಟಿಕ್ಸ್ ಪದವಿ. ಕೃತಕ ಕಾಲು, ಕಾಲಿಗೆ ಆಧಾರ ಕೊಡುವ ಸ್ಪ್ಲಿಂಟ್, ಪಾದರಕ್ಷೆಯೊಳಗಿನ ಮೆತ್ತೆ ತಯಾರಿಸುವ ವಿದ್ಯೆ. ಇದೂ ನಾಲ್ಕೂವರೆ ವರ್ಷದ ಆಸುಪಾಸು, ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಲ್ಲಿ ಓದಬಹುದು. ಹೊರಗೆ ಮುಂಬೈ, ಕೋಲ್ಕತ್ತ, ಕಟಕ್ ಬಳಿಯ ಓಲಟ್‌ಪುರದ ಕೇಂದ್ರ ಸಂಸ್ಥೆಗಳಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ, ಶುಲ್ಕ ಬಹಳ ಕಡಿಮೆ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ, ಸಿಆರ್‌ಸಿ, ಇದೆ. ಅಲ್ಲಿಗೆ ಮಗಳನ್ನು ಒಂದು ದಿನ ಕರೆದುಕೊಂಡು ಹೋಗಿ ಕೆಲಸ ಹೇಗಿರುತ್ತದೆಂದು ತೋರಿಸಿ. ಕೈಯಲ್ಲಿ ಪ್ಲಾಸ್ಟರು, ಉಳಿ, ಗ್ರೈಂಡರ್ ಹಿಡಿಯುವ ಖುಷಿ ಇರುವ ಮಕ್ಕಳಿಗೆ ಇದು ಬಿಪಿಟಿಗಿಂತ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ. ಬಿಪಿಟಿ ಮಾಡಿದವರು ಊರೂರಿಗೂ ಇದ್ದಾರೆ, ಬಿಪಿಒ ಮಾಡಿದವರನ್ನು ಹುಡುಕಬೇಕು.

ಇವೆರಡರಲ್ಲಿ ಒಂದನ್ನು ಮುಗಿಸಿದ ಮೇಲೆ ಬ್ರಿಟನ್ನಿನ ಬಾಗಿಲು ಮುಚ್ಚುವುದಿಲ್ಲ. ಪದವೀಧರರಿಗಾಗಿಯೇ ಎರಡು ವರ್ಷದ ಎಂಎಸ್‌ಸಿ ಪೊಡಿಯಾಟ್ರಿ ಇದೆ, ‘ಪ್ರಿ-ರಿಜಿಸ್ಟ್ರೇಶನ್’ ಎಂಬ ಪದ ಸಾಮಾನ್ಯವಾಗಿ ಕೋರ್ಸಿನ ಹೆಸರಿನಲ್ಲೇ ಇರುತ್ತದೆ. ಆ ಪದ ಇಲ್ಲದ ಎಂಎಸ್‌ಸಿ ಹೆಚ್ಚಾಗಿ ಈಗಾಗಲೇ ನೋಂದಣಿ ಇರುವವರಿಗೆ, ಅಂಥದ್ದರಿಂದ ಹೊಸ ನೋಂದಣಿ ಸಿಗುವುದಿಲ್ಲ. ಖರ್ಚು 62ರಿಂದ 74 ಲಕ್ಷ, ಮೂರು ವರ್ಷದ ಪದವಿಗಿಂತ ಕನಿಷ್ಠ 30 ಲಕ್ಷ ಕಡಿಮೆ. ಅದಕ್ಕಿಂತ ದೊಡ್ಡ ಲಾಭ ಎಂದರೆ ನಿರ್ಧಾರ ಮಾಡುವಾಗ ಮಗಳಿಗೆ 23 ವರ್ಷವಾಗಿರುತ್ತದೆ, ನೂರಾರು ಪಾದ ನೋಡಿರುತ್ತಾಳೆ, ವಾಪಸು ಬಂದರೂ ಕೈಯಲ್ಲೊಂದು ಇಲ್ಲಿನ ನೋಂದಣಿ ಇರುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಮೂರು ವರ್ಷದ ಬದಲು ಏಳು.

ಭಾರತದಲ್ಲೇ ಪಾದದ ವಿಶೇಷ ತರಬೇತಿಯೂ ಇದೆ. ಬೆಂಗಳೂರಿನ ಸರ್ಕಾರಿ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪೊಡಿಯಾಟ್ರಿ ವಿಭಾಗವಿದೆ, ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲೂ ಇದೆ. ಇಂಥ ಕಡೆ ನಡೆಯುವ ಫೆಲೋಶಿಪ್‌ಗಳು ಬಹುತೇಕ ವೈದ್ಯರಿಗೆ ಮೀಸಲು, ಆದರೆ ಫಿಸಿಯೊಥೆರಪಿ, ನರ್ಸಿಂಗ್ ಓದಿದವರು ಸಹಾಯಕರಾಗಿ ಕೆಲಸ ಕಲಿಯಲು ಇವೇ ಜಾಗಗಳು. ಆನ್‌ಲೈನಿನಲ್ಲಿ ಮೂರು ತಿಂಗಳಿಗೆ ‘ಸರ್ಟಿಫೈಡ್ ಪೊಡಿಯಾಟ್ರಿಸ್ಟ್’ ಮಾಡಿಕೊಡುವವರ ಕಡೆ ತಲೆ ಹಾಕಬೇಡಿ.

ಹಾಗಾದರೆ ಬಿಪಿಟಿ ಅಥವಾ ಬಿಪಿಒ ಮಾಡಿ ಪಾದದ ಕೆಲಸ ಕಲಿತವರು ದಾವಣಗೆರೆ, ಚಿತ್ರದುರ್ಗದಲ್ಲಿ ಏನು ಮಾಡಬಹುದು? ಬಹಳ. ಮೊದಲ ಕೆಲಸ ತಪಾಸಣೆ. ಹತ್ತು ಗ್ರಾಂ ಬಲಕ್ಕೆ ಬಾಗುವ ನೈಲಾನ್ ಎಳೆ, ಮಾನೊಫಿಲಮೆಂಟ್, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರೋಗಿ ಕಣ್ಣು ಮುಚ್ಚಿರಬೇಕು. ಹೆಬ್ಬೆರಳಿನ ತಳ, ಹೆಬ್ಬೆರಳ ಬುಡದ ಉಬ್ಬು, ಕಿರುಬೆರಳ ಬುಡದ ಉಬ್ಬು, ಈ ಮೂರು ಕಡೆ ಎಳೆಯನ್ನು ನೆಟ್ಟಗೆ ಒತ್ತಿ, ಬಾಗಿದ ಮೇಲೆ ಒಂದೆರಡು ಸೆಕೆಂಡು ಹಿಡಿದು ತೆಗೆಯಬೇಕು. ಒಂದೊಂದು ಜಾಗದಲ್ಲೂ ಮೂರು ಸಲ ಕೇಳಬೇಕು, ಅದರಲ್ಲಿ ಒಂದು ಸಲ ಮುಟ್ಟದೆಯೇ ‘ತಾಗಿತಾ?’ ಎನ್ನಬೇಕು. ಮೂರರಲ್ಲಿ ಎರಡು ತಪ್ಪಾದರೆ ಅಲ್ಲಿ ಸ್ಪರ್ಶ ಸತ್ತಿದೆ. ದಪ್ಪ ಚರ್ಮದ ಮೇಲೆ ಒತ್ತಿ ನೋಡುವುದು ಹೊಸಬರ ಮಾಮೂಲಿ ತಪ್ಪು, ಅಲ್ಲಿ ಆರೋಗ್ಯವಂತರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ತಪ್ಪು, ಕ್ಯಾಂಪಿನಲ್ಲಿ ಒಂದೇ ಎಳೆಯಿಂದ ನೂರು ಜನರನ್ನು ನೋಡುವುದು. ಹತ್ತು ಜನರಾದ ಮೇಲೆ ಎಳೆ ಸೋಲುತ್ತದೆ, ಒಂದು ದಿನ ಬಿಡುವು ಕೊಡಬೇಕು. ಸೋತ ಎಳೆ ಹತ್ತು ಗ್ರಾಂಗಿಂತ ಕಡಿಮೆಗೇ ಬಾಗಿ, ಚೆನ್ನಾಗಿರುವ ಕಾಲನ್ನೂ ಜೋಮು ಎಂದು ತೋರಿಸುತ್ತದೆ.

ರಕ್ತ ಸಂಚಾರ ನೋಡಲು ಕೈ ಡಾಪ್ಲರ್ (ರಕ್ತ ಹರಿಯುವ ಸದ್ದು ಕೇಳಿಸುವ ಸಣ್ಣ ಉಪಕರಣ) ಬೇಕು, ಬಿಪಿ ಪಟ್ಟಿ ಬೇಕು. ಹಿಮ್ಮಡಿ ಕೀಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬಂದವರ ರಕ್ತನಾಳ ಕಿರಿದಾಗಿದೆ. 1.3 ದಾಟಿದರೆ ‘ಚೆನ್ನಾಗಿದೆ’ ಎಂದಲ್ಲ: ಹಳೆಯ ಶುಗರಿನಲ್ಲಿ ರಕ್ತನಾಳ ಸುಣ್ಣಗಟ್ಟಿ ಪಟ್ಟಿಗೆ ಬಗ್ಗದೇ ಸುಳ್ಳು ಅಂಕಿ ಕೊಡುತ್ತದೆ. ಇಂಥವರನ್ನು ರಕ್ತನಾಳದ ತಜ್ಞರಿಗೆ ಕಳಿಸದೆ ದಪ್ಪ ಚರ್ಮ ಹೆರೆಯಲು ಕೂತರೆ ಆದ ಗಾಯ ಮಾಯುವುದಿಲ್ಲ. ಗಾಯವಿಲ್ಲದೆ ಒಂದು ಪಾದ ಕೆಂಪಾಗಿ ಊದಿ, ಇನ್ನೊಂದಕ್ಕಿಂತ ಎರಡು ಡಿಗ್ರಿ ಬಿಸಿಯಾಗಿದ್ದರೆ ಅದು ಒಳಗೇ ಮೂಳೆ ಪುಡಿಯಾಗುತ್ತಿರುವ ಶಾರ್ಕೊ ಪಾದವಿರಬಹುದು. ಉಳುಕು ಎಂದು ಎಣ್ಣೆ ತಿಕ್ಕಿಸಿದರೆ ಪಾದದ ಆಕಾರವೇ ಹೋಗುತ್ತದೆ.

ಪಾದರಕ್ಷೆಯದ್ದೇ ದೊಡ್ಡ ಕೆಲಸ, ಆದಾಯವೂ ಮುಖ್ಯವಾಗಿ ಅಲ್ಲಿಂದಲೇ. ಒಳಗಿನ ಎಂಸಿಆರ್ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧಕ್ಕೆ ಕುಗ್ಗಿ ಮತ್ತೆ ಏಳಬೇಕು. ಏಳದಿದ್ದರೆ ಆ ರಬ್ಬರು ಸತ್ತಿದೆ. ಜೋಮು ಹಿಡಿದ ಕಾಲಿಗೆ ಹಿಮ್ಮಡಿ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಚಪ್ಪಲಿ ಕಳಚಿದ್ದೇ ಗೊತ್ತಾಗದೆ ನಡೆಯುತ್ತಾರೆ. ಹೆಬ್ಬೆರಳ ಸಂದಿಗೆ ಬರುವ ಉಂಗುಷ್ಠ, ಅಡಿಯಲ್ಲಿ ಹೊಡೆದ ಮೊಳೆ, ಎರಡೂ ಕೂಡದು. ಆದರೆ ಪುಸ್ತಕದ ಪಾದರಕ್ಷೆ ನಮ್ಮ ಮನೆಗಳಲ್ಲಿ ಸೋಲುತ್ತದೆ. ಮೂರು ಸಾವಿರದ ಚಪ್ಪಲಿ ಆಸ್ಪತ್ರೆಗೆ ಬರುವಾಗ ಮಾತ್ರ ಕಾಲಲ್ಲಿ, ಮನೆಯಲ್ಲಿ ಬರಿಗಾಲು. ದಿನದ ಹೆಜ್ಜೆಗಳಲ್ಲಿ ಹೆಚ್ಚಿನವು ಮನೆಯೊಳಗೇ ಬೀಳುತ್ತವೆ. ಒಳಗೆ ಹಾಕಲು ಇನ್ನೊಂದು ಜೊತೆ, ಹೊರಗೆ ಹಾಕದ್ದು, ಮಾಡಿಕೊಟ್ಟರೆ ಅಜ್ಜಿಯಂದಿರೂ ಒಪ್ಪುತ್ತಾರೆ. ಒಂದೇ ಜೊತೆ ಕೊಟ್ಟು ಬೈದರೆ ಒಪ್ಪುವುದಿಲ್ಲ.

ಬ್ರಿಟನ್ನಿನ ಪಠ್ಯದಲ್ಲಿ ಇಲ್ಲದ ಪಾದಗಳು ಇಲ್ಲಿವೆ. ಭದ್ರಾ ನಾಲೆಯ ಗದ್ದೆ ಕೆಸರಿನಲ್ಲಿ, ನೀರು ಹಾಯಿಸಿದ ಅಡಿಕೆ ತೋಟದಲ್ಲಿ ನಿಂತು ಬೆರಳ ಸಂದಿ ಕೊಳೆಯುವ ಕೆಸರುಹುಣ್ಣು. ಜಗಳೂರು, ಮೊಳಕಾಲ್ಮೂರು ಕಡೆ ಚಪ್ಪಲಿ ತೂರಿ ಬರುವ ಜಾಲಿಮುಳ್ಳು, ತುದಿ ಒಳಗೇ ಮುರಿದು ವಾರದ ನಂತರ ಕೀವಾಗುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬಿಸಿ ನೆಲದ ಮೇಲೆ ದಿನವಿಡೀ ನಿಲ್ಲುವವರು. ನಾಯಕನಹಟ್ಟಿ ಜಾತ್ರೆಯ ಬೇಸಿಗೆ ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಡೆದು, ಸುಟ್ಟಿದ್ದು ಗೊತ್ತಾಗದೆ ಬೊಬ್ಬೆಯ ನೀರು ಒಡೆದ ಮೇಲೆ ಬರುವವರು. ಊದಿದ ಬೆರಳಿಗೆ ಕಚ್ಚಿಕೊಂಡ ಕಾಲುಂಗುರ. ಅದನ್ನು ತೆಗೆಯಿರಿ ಎಂದು ಹೇಳುವುದಕ್ಕೆ ವೈದ್ಯಕೀಯಕ್ಕಿಂತ ಜಾಣ್ಮೆ ಹೆಚ್ಚು ಬೇಕು. ಅಗಲಿಸಿ ಸಡಿಲ ಮಾಡಿಸಿಕೊಳ್ಳಿ ಎಂದರೆ ಕೇಳುತ್ತಾರೆ.

ಇಲ್ಲಿ ಕೆಲಸ ಶುರು ಮಾಡುವ ದಾರಿ ಬೋರ್ಡು ಹಾಕಿ ಕೂರುವುದಲ್ಲ. ಮಧುಮೇಹ ನೋಡುವ ಇಬ್ಬರು ಮೂವರು ವೈದ್ಯರ ಕ್ಲಿನಿಕ್‌ಗಳಲ್ಲಿ ವಾರಕ್ಕೊಂದು ದಿನ ಪಾದ ತಪಾಸಣೆಗೆ ಕೂರುವುದು, ಒಬ್ಬ ಜನರಲ್ ಸರ್ಜನ್ ಜೊತೆ ಡ್ರೆಸ್ಸಿಂಗ್ ಮತ್ತು ಭಾರ ತಪ್ಪಿಸುವ ಪ್ಲಾಸ್ಟರಿನ ಕೆಲಸ, ಒಬ್ಬ ಒಳ್ಳೆಯ ಚಪ್ಪಲಿ ತಯಾರಕರ ಜೊತೆ ಒಪ್ಪಂದ. ಅಪಾಯವಿಲ್ಲದ ಪಾದಕ್ಕೆ ವರ್ಷಕ್ಕೊಮ್ಮೆ, ಜೋಮು ಒಂದೇ ಇದ್ದರೆ 6ರಿಂದ 12 ತಿಂಗಳಿಗೊಮ್ಮೆ, ಜೋಮಿನ ಜೊತೆ ರಕ್ತ ಸಂಚಾರ ಕಡಿಮೆ ಅಥವಾ ಪಾದದ ವಿಕಾರವಿದ್ದರೆ 3ರಿಂದ 6 ತಿಂಗಳಿಗೆ, ಹಿಂದೆ ಹುಣ್ಣಾಗಿದ್ದವರಿಗೆ ಅಥವಾ ಬೆರಳು ತೆಗೆದವರಿಗೆ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆ ಎಂಬುದು ಅಂತರರಾಷ್ಟ್ರೀಯ ಕ್ರಮ. ನಿಮ್ಮ ತಾಯಿ ಕೊನೆಯ ಗುಂಪಿನವರು. ಅವರ ಕಾಲನ್ನು ಕಳೆದ ಮೂರು ತಿಂಗಳಲ್ಲಿ ಯಾರಾದರೂ ಬಿಚ್ಚಿ ನೋಡಿದ್ದಾರೆಯೇ? ಇಲ್ಲದಿದ್ದರೆ ಮಗಳ ಓದಿಗಿಂತ ಮೊದಲು ಅದನ್ನು ಮಾಡಿಸಿ. ಮೆಡಿಕಲ್ ಶಾಪಿನ ಆಣಿ ಪಟ್ಟಿ ಅವರ ಕಾಲಿಗೆ ಅಂಟಿಸಬೇಡಿ, ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ.

ಮಗಳ ವಿಷಯದಲ್ಲಿ ಈಗ ಮಾಡಬೇಕಾದ್ದು ದುಡ್ಡಿಲ್ಲದ ಕೆಲಸ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಒಂದು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಡ್ರೆಸ್ಸಿಂಗ್ ಕೊಠಡಿಯಲ್ಲಿ ಅನುಮತಿ ಪಡೆದು ಎರಡು ವಾರ ಬೆಳಿಗ್ಗೆ ನಿಂತು ನೋಡಲಿ. ಕೀವಿನ ವಾಸನೆ, ಕಪ್ಪಾದ ಬೆರಳು, ಒಂದೇ ರೋಗಿಗೆ ಹತ್ತನೇ ಸಲ ಅದೇ ಮಾತು ಹೇಳುವುದು, ಇವುಗಳ ನಡುವೆ ಅವಳ ಆಸಕ್ತಿ ಉಳಿದರೆ ಮುಂದಿನ ಮಾತು. ಹೆಪಟೈಟಿಸ್ ಬಿ ಲಸಿಕೆ ಈಗಲೇ ಶುರು ಮಾಡಿಸಿ; ಮೂರು ಡೋಸು, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಸ್ಪತ್ರೆಯ ಯಾವ ಓದಿಗೆ ಹೋದರೂ ಬೇಕಾಗುತ್ತದೆ.

ಏಜೆಂಟರ ಹತ್ತಿರ ಮತ್ತೆ ಹೋದರೆ ಮುಂಗಡ ಕೊಡುವ ಮೊದಲು ನಾಲ್ಕು ವಿಷಯ ಬರವಣಿಗೆಯಲ್ಲಿ ಕೇಳಿ: ಕೋರ್ಸಿನ ಪೂರ್ತಿ ಹೆಸರು ಮತ್ತು ಅದು ಎಚ್‌ಸಿಪಿಸಿ ಪಟ್ಟಿಯಲ್ಲಿದೆಯೇ, ಕರ್ನಾಟಕ ಪಿಯುಸಿ ಅಂಕದ ಮೇಲೆ ನೇರ ಮೊದಲ ವರ್ಷವೋ ಅಥವಾ ಒಂದು ವರ್ಷದ ಫೌಂಡೇಶನ್ ಹೆಚ್ಚುವರಿಯೋ, ಮೂರೂ ವರ್ಷದ ಶುಲ್ಕ, ವರ್ಷ ವರ್ಷ ಏರುತ್ತದೆಯೇ, ವೀಸಾ ಸಿಗದಿದ್ದರೆ ಕಟ್ಟಿದ ದುಡ್ಡಿನಲ್ಲಿ ಎಷ್ಟು, ಎಷ್ಟು ದಿನದಲ್ಲಿ ವಾಪಸು. ಬಾಯಿಮಾತಲ್ಲಿ ಹೇಳಿ ಬರೆದುಕೊಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ.